ಬೆರಕೆ ಟ್ರೇಯ ಮುದುಕಿ

ನಾನು ಓದಿದ್ದು ಹಲ್ಲಿನ ಡಾಕ್ಟರಿಕೆ. ಹುಬ್ಬಳ್ಳಿಯಲ್ಲಿ ಕೆಲವು ವರ್ಷ ಕ್ಲಿನಿಕ್ಕನ್ನೂ ನಡೆಸಿದವಳು. ಮದುವೆಯಾಗಿ ನ್ಯೂಜೆರ್ಸಿಗೆ ಬಂದ ಮೇಲೆ ಇಲ್ಲಿಯ ಲೈಸೆನ್ಸ್ ಇಲ್ಲದೆ ಯಾರ ಬಾಯನ್ನೂ ತೆರೆಸುವಂತಿರಲಿಲ್ಲ. ಮತ್ತೆ ಮೊದಲಿನಿಂದ ಓದಬೇಕು ಅಂದರು. ಓದುವುದೇ ಆದರೆ ಓದಿದ್ದನ್ನೇ ಯಾಕೆ ಓದಲಿ ಎಂದು ಸಿಟ್ಟು ಬಂತು. ಪ್ರಾಚೀನ ಮನುಷ್ಯರ ಮೂಳೆ ಮತ್ತು ಹಲ್ಲುಗಳನ್ನು ಅಭ್ಯಾಸ ಮಾಡುವ ವಿಭಾಗವೊಂದಕ್ಕೆ ಅರ್ಜಿ ಹಾಕಿದೆ, ಸೀಟು ಸಿಕ್ಕಿತು. ನನ್ನ ಗಂಡ ಸುದ್ದಿ ಕೇಳಿ, "ಚಲೋ ಆತು ಬಿಡು, ಈ ಪೇಷಂಟ್‌ಗೋಳು ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡಂಗಿಲ್ಲ" ಅಂದರು.

ಓದು ಮುಗಿದ ಮೇಲೆ ಮ್ಯಾನ್‌ಹಟನ್ನಿನ ಒಂದು ಸಂಗ್ರಹಾಲಯದಲ್ಲಿ ಕೆಲಸ ಸಿಕ್ಕಿತು. ವೆಸ್ಟ್ ವಿಂಡ್ಸರ್‌ನ ಮನೆಯಿಂದ ಪ್ರಿನ್ಸ್‌ಟನ್ ಜಂಕ್ಷನ್‌ಗೆ ಕಾರು, ಅಲ್ಲಿಂದ ರೈಲು. ರೈಲಿನಲ್ಲಿ ದಿನಾ ಸಿಗುವ ಮೈಸೂರಿನ ಆಂಟಿಯೊಬ್ಬರು ಒಮ್ಮೆ ಕೇಳಿದರು: "ನೀವು ಯಾವ ಕಂಪನೀಲಿ?"

"ಕಂಪನಿ ಅಲ್ಲ ಆಂಟಿ, ನಾನು ಮೂಳೆ ನೋಡ್ತೀನಿ."

"ಓ, ಆರ್ಥೋಪೆಡಿಕ್ಸಾ?"

"ಹೂಂ. ಕೇಸುಗಳು ಸ್ವಲ್ಪ ಹಳೇವು."

ಸ್ವಲ್ಪ ಅಂದರೆ ಸಾವಿರಾರು ವರ್ಷ. ಸಹಾರಾ ಮರಳುಗಾಡಿನ ಒಂದು ಅಂಚಿನಲ್ಲಿ, ಒಂದಾನೊಂದು ಕಾಲಕ್ಕೆ ಕೆರೆ ಇದ್ದ ಜಾಗದಲ್ಲಿ, ಒಂದು ಸ್ಮಶಾನ ಸಿಕ್ಕಿತ್ತು. ಲೋಹ ಕಾಣದ, ಅಕ್ಷರ ಕಾಣದ ಜನ. ಮೀನು ಹಿಡಿಯುತ್ತಿದ್ದರು, ಕಾಡುಹುಲ್ಲಿನ ಕಾಳು ಅರೆದು ತಿನ್ನುತ್ತಿದ್ದರು. ನಾನು ಹುಟ್ಟುವ ಮೊದಲೇ ಯಾರೋ ಅದನ್ನು ಅಗೆದು, ಮೂಳೆಗಳನ್ನು ಹಡಗಿಗೆ ಹಾಕಿ ನ್ಯೂಯಾರ್ಕಿಗೆ ತಂದಿದ್ದರು. ಈಗ ಆ ದೇಶದವರು ನಮ್ಮ ಹಿರಿಯರನ್ನು ನಮಗೆ ಕೊಡಿ ಎಂದು ಕೇಳಿದ್ದರು. ಕೊಡುವುದೆಂದು ತೀರ್ಮಾನವೂ ಆಗಿತ್ತು. ನಮ್ಮ ಕೆಲಸ, ಕಳಿಸುವ ಮುಂಚೆ ಪ್ರತಿಯೊಬ್ಬರನ್ನೂ ನೋಡಿ, ಇವರು ಗಂಡೋ ಹೆಣ್ಣೋ, ವಯಸ್ಸೆಷ್ಟಿರಬಹುದು, ಹೇಗೆ ಹೂತಿದ್ದರು ಎಂದು ಬರೆದು, ಒಬ್ಬೊಬ್ಬರಿಗೂ ಒಂದೊಂದು ಪೆಟ್ಟಿಗೆ ಮಾಡುವುದು. ಹೆಚ್ಚಿನವರನ್ನು ಮಗ್ಗುಲಾಗಿ ಮಲಗಿಸಿ ಹೂತಿದ್ದರು. ಹೋಗಿ ಮಣ್ಣು ಸೇರಿಕೊಳ್ಳುವವರ ಕೊನೆಯ ಚೆಕಪ್ ಎಂದು ನಾನು ತಮಾಷೆ ಮಾಡುತ್ತಿದ್ದೆ. ತಮಾಷೆ ಮಾಡಿದರೂ ಕೆಲಸದಲ್ಲಿ ಉಡಾಫೆ ಮಾಡಿದವಳಲ್ಲ.

ಕೊನೆಯ ಕಪಾಟಿನಲ್ಲಿ ಒಂದು ಟ್ರೇ ಇತ್ತು. ಅಗೆದವರು ಅದರ ಮೇಲೆ 'ಬೆರಕೆ, ಬಿಡಿ ಮೂಳೆಗಳು' ಎಂಬ ಅರ್ಥದ ಚೀಟಿ ಅಂಟಿಸಿದ್ದರು. ಯಾರದ್ದೋ ತಲೆಬುರುಡೆ, ಇನ್ಯಾರದ್ದೋ ದವಡೆ, ಎಲ್ಲ ಒಂದು ಗುಂಡಿಯಲ್ಲಿ ರಾಶಿಯಾಗಿ ಸಿಕ್ಕಿದ್ದು ಎಂದು ಅವರ ತೀರ್ಮಾನ. ಇಂಥವರದ್ದು ಎಂದು ಹೇಳಲಾಗದ ಮೂಳೆಗಳನ್ನು ಪರೀಕ್ಷೆಗೆ ಬಳಸಬಹುದು ಎಂದು ಆ ದೇಶದವರು ಒಪ್ಪಿದ್ದರು. ಪರೀಕ್ಷೆ ಅಂದರೆ ಕೊರೆದು ಪುಡಿ ಮಾಡುವುದು. ಉಳಿದ ಚೂರು ಇಲ್ಲಿಯೇ, ವಿದ್ಯಾರ್ಥಿಗಳು ಮುಟ್ಟಿ ನೋಡುವ ಡ್ರಾಯರಿಗೆ. ಅಂದರೆ ಆ ಟ್ರೇಯಲ್ಲಿರುವುದು ಒಬ್ಬ ಮನುಷ್ಯ ಎಂದಾದರೆ ಊರಿಗೆ, ಇಲ್ಲವಾದರೆ ಪುಡಿ. ಪೆಟ್ಟಿಗೆಗಳು ಹೊರಡುವ ದಿನ ಹತ್ತಿರವಾಗಿತ್ತು.

ನಾನು ಟ್ರೇ ತೆರೆದದ್ದು ಹಲ್ಲು ನೋಡುವುದಕ್ಕೆ, ಅಷ್ಟೇ. ಕೆಳದವಡೆಯ ಎಡಗಡೆ ಒಂದು ದವಡೆಹಲ್ಲು ಬಹಳ ಹಿಂದೆಯೇ ಬಿದ್ದುಹೋಗಿ, ಗುಂಡಿ ಮುಚ್ಚಿಕೊಂಡು ಮೂಳೆ ನುಣ್ಣಗಾಗಿತ್ತು. ಹಲ್ಲು ಬಿದ್ದ ಮೇಲೂ ಎಷ್ಟೋ ವರ್ಷ ಬದುಕಿದ್ದರು ಎಂದರ್ಥ. ಆಮೇಲೆ ಬುರುಡೆ ಎತ್ತಿಕೊಂಡೆ. ಮೇಲಿನ ಸಾಲಿನ ಎಡಗಡೆ, ಎಲ್ಲ ಹಲ್ಲೂ ಮರಳು ಬೆರೆತ ಊಟ ಅಗಿದು ಅಗಿದು ಸವೆದಿದ್ದರೆ, ಒಂದು ಹಲ್ಲು ಮಾತ್ರ ಸವೆಯದೆ ಉದ್ದವಾಗಿ ಕೆಳಗಿಳಿದಿತ್ತು. ಎದುರಿಗೆ ಜೋಡಿ ಇಲ್ಲದ ಹಲ್ಲು ಹೀಗೆಯೇ ಇಳಿಯುತ್ತದೆ. ಹುಬ್ಬಳ್ಳಿಯಲ್ಲಿ ವಾರಕ್ಕೊಬ್ಬರಾದರೂ ಇಂಥ ಬಾಯಿ ತೆರೆದು ತೋರಿಸುತ್ತಿದ್ದರು. ದವಡೆಯನ್ನು ಬುರುಡೆಗೆ ಹೊಂದಿಸಿದೆ. ಇಳಿದ ಹಲ್ಲು ಖಾಲಿ ಜಾಗದಲ್ಲಿ ಸರಿಯಾಗಿ ಕೂತಿತು. ಇದು ಎರಡು ಬಾಯಿ ಅಲ್ಲ, ಒಂದೇ. ಸೊಂಟದ ಮೂಳೆ ನೋಡಿದೆ: ಹೆಂಗಸು. ಮುದುಕಿ.

ಹಾಗಾದರೆ ಬುರುಡೆ ಒಂದು ಕಡೆ, ದವಡೆ ಒಂದು ಕಡೆ ಹೇಗೆ ಸಿಕ್ಕಿತು? ಅಗೆಯುವಾಗ ತೆಗೆದ ಕಪ್ಪುಬಿಳುಪು ಫೋಟೊ ಹುಡುಕಿದೆ. ಗುಂಡಿಯ ನೇರ ಮೇಲಿನಿಂದ ತೆಗೆದದ್ದು. ಸೊಂಟದ ಮೂಳೆ ಎಲ್ಲಕ್ಕಿಂತ ಕೆಳಗೆ, ಅದರ ಬಟ್ಟಲಿನೊಳಗೆ ಕುಸಿದ ಬೆನ್ನುಮೂಳೆಯ ತುಂಡುಗಳು, ಪಕ್ಕೆಲುಬು, ಅವುಗಳ ನಡುವೆ ದವಡೆ. ಬುರುಡೆ ಮುಂದಕ್ಕೆ ಉರುಳಿ, ಮಡಿಲು ಇರಬೇಕಾದ ಜಾಗದಲ್ಲಿ ಬಿದ್ದಿತ್ತು. ಇದು ರಾಶಿ ಅಲ್ಲ. ಇದು ಕೂತವರು ಕೂತಲ್ಲೇ ಕುಸಿದದ್ದು.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಕೂರಿಸಿ ಮಣ್ಣು ಕೊಡುತ್ತಾರೆ. ಲಿಂಗಾಯತರ ಮನೆಯಲ್ಲಿ ಹುಟ್ಟಿದವರಿಗೆ ಇದು ವಿಶೇಷವೇ ಅಲ್ಲ. ನನ್ನ ಅಜ್ಜಿ ಹೋದಾಗ ಪಡಸಾಲೆಯಲ್ಲಿ ಗೋಡೆಗೆ ಆನಿಸಿ, ಚಕ್ಕಳಮಕ್ಕಳ ಹಾಕಿ ಕೂರಿಸಿ, ಹಣೆಗೆ ಪಟ್ಟಿ ಕಟ್ಟಿ, ಮೈತುಂಬ ವಿಭೂತಿ ಹಚ್ಚಿದ್ದರು. ನಾನಿನ್ನೂ ಸಣ್ಣವಳು, ಅಜ್ಜಿ ಪೂಜೆಗೆ ಕೂತಿದ್ದಾಳೆ ಎಂದೇ ತಿಳಿದಿದ್ದೆ. ಕುಣಿಯೊಳಗೂ ಹಾಗೆಯೇ ಕೂರಿಸಿ, ಎಡಗೈಯಲ್ಲಿ ಲಿಂಗ ಇಟ್ಟರು. ಹೀಗೆ ಕೂತವರ ಮೂಳೆ ಮುಂದೆ ಏನಾಗುತ್ತದೆ ಎಂದು ಡಾಕ್ಟರಾದ ಮೇಲೂ ಯೋಚಿಸಿರಲಿಲ್ಲ. ಆ ಫೋಟೊದ ಮುಂದೆ ಯೋಚಿಸಿದೆ, ಮತ್ತು ಈ ಮುದುಕಿಯನ್ನು ಪುಡಿ ಮಾಡಲು ಬಿಡುವುದಿಲ್ಲ ಎಂದು ನಿರ್ಧರಿಸಿದೆ.

ಸಂಜೆ ಮನೆಗೆ ಬಂದರೆ ಬಾಗಿಲಲ್ಲೇ ನಮ್ಮ ಅತ್ತೆ. ಮಾವ ಹೋದ ಮೇಲೆ ಧಾರವಾಡದಿಂದ ಬಂದು ನಮ್ಮ ಜೊತೆಗಿದ್ದಾರೆ. "ಬಂದಿ? ಸೀದಾ ಬಚ್ಚಲಕ್ಕ ನಡಿ. ಅಡಗಿಮನಿ ಕಡೆ ಹಾಯಬ್ಯಾಡ."

"ಅತ್ತೀ, ಲಿಂಗ ಕಟ್ಟಿದವರಿಗೆ ಸೂತಕ ಇಲ್ಲ ಅಂತ ನೀವ ಹೇಳ್ತೀರಲ್ಲ?"

"ಸೂತಕ ಇಲ್ಲವಾ. ಧೂಳ ಐತ್ಯಲ್ಲ? ಧೂಳಿಗೇನ್ ಲಿಂಗ ಕಟ್ಯಾರ?"

ಸ್ನಾನ ಮಾಡಿ ಬಂದು ಮುದುಕಿಯ ಕಥೆ ಹೇಳಿದೆ. ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದರು. ಹೈಸ್ಕೂಲಿನಲ್ಲಿ ಓದುವ ಮಗಳು ಕಿವಿಯಿಂದ ಇಯರ್‌ಫೋನ್ ತೆಗೆದು, "ದಟ್ಸ್ ಆಕ್ಚುಯಲಿ ಕೂಲ್, ಅಮ್ಮ" ಅಂದಳು. ನನ್ನ ಕೆಲಸಕ್ಕೆ ಅವಳಿಂದ ಸಿಕ್ಕ ಮೊದಲ ಸರ್ಟಿಫಿಕೇಟು ಅದು.

ಮರುದಿನ ನನ್ನ ಮೇಲಿನ ಅಧಿಕಾರಿಗೆ ಹೇಳಿದೆ. ನನ್ನ ತಾಯಿಯ ವಯಸ್ಸಿನ ಅಮೆರಿಕನ್ ಹೆಂಗಸು, ಮಾತು ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. "ಇರಬಹುದು, ಇಲ್ಲದೆಯೂ ಇರಬಹುದು. ಸಭೆಯಲ್ಲಿ ತೋರಿಸು" ಅಂದರು. ಟ್ರೇಯ ಗತಿ ನಿರ್ಧರಿಸುವ ಸಭೆಯಲ್ಲಿ ಅವರು, ಮೂಳೆಗಳ ತಜ್ಞನಾದ ನನ್ನ ಸಹೋದ್ಯೋಗಿ, ಪರೀಕ್ಷೆ ನಡೆಸುವ ಲ್ಯಾಬಿನವರು ಇದ್ದರು. ನಾನು ಜೋರಾಗಿಯೇ ಶುರು ಮಾಡಿದೆ. ದವಡೆ ತೋರಿಸಿದೆ, ಎಲ್ಲರೂ ತಲೆದೂಗಿದರು. ಅಲ್ಲಿಗೆ ನಿಲ್ಲಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು. ನಿಲ್ಲಿಸಲಿಲ್ಲ. ಫೋಟೊ ಹಾಕಿ, ಒಂದರ ಮೇಲೊಂದು ಅಡ್ಡ ಬಿದ್ದ ತೊಡೆಯ ಮೂಳೆಗಳನ್ನು ತೋರಿಸಿ, "ಇವರು ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ, ನಮ್ಮ ಸಮುದಾಯದಲ್ಲಿ ಇಂದಿಗೂ ಹೀಗೆಯೇ ಹೂಳುತ್ತಾರೆ" ಎಂದು ವಿವರಿಸಿದೆ. ಕೈಮೂಳೆಗಳು ಮಡಿಲಲ್ಲಿದ್ದವು. ಅವನ್ನು ತೋರಿಸುವಾಗ ಕೈಯಲ್ಲಿ ಏನನ್ನೋ ಹಿಡಿದಿದ್ದಿರಬಹುದು ಎಂದೂ ಸೇರಿಸಿದೆ.

ಸಹೋದ್ಯೋಗಿ ಒಳ್ಳೆಯವನು, ಆದರೆ ಮೂಳೆಯ ವಿಷಯದಲ್ಲಿ ದಾಕ್ಷಿಣ್ಯ ಇಲ್ಲದವನು. ಎದ್ದು ಬಂದು ಫೋಟೊದ ಮೇಲೆ ಬೆರಳಿಟ್ಟ. "ಈ ದುಂಡನೆಯ ಬಿಲ್ಲೆಗಳು ಏನು?"

"ಮುರಿದ ಮೂಳೆಯ ತುಂಡು ಇರಬೇಕು."

"ಅಲ್ಲ. ಮೊಣಕಾಲಿನ ಕೆಳಗಿನ ಉದ್ದ ಮೂಳೆಗಳು. ನೆಟ್ಟಗೆ ನಿಂತಿವೆ. ಮೇಲಿನಿಂದ ನೋಡಿದರೆ ತುದಿ ಮಾತ್ರ ಕಾಣುತ್ತದೆ. ಚಕ್ಕಳಮಕ್ಕಳ ಹಾಕಿ ಕೂತವರ ಕಾಲು ನೆಟ್ಟಗೆ ಹೇಗೆ ನಿಲ್ಲುತ್ತದೆ?"

ಅವನು ಮುಂದುವರಿಸಿದ: ಯಾರೋ ಬೇರೆ ಕಡೆ ಒಣಗಿದ ಮೂಳೆಗಳನ್ನು ಕಟ್ಟಿ ತಂದು ಗುಂಡಿಗೆ ಸುರಿದಿರಬಹುದು. ಸುರಿದಾಗ ಕೆಲವು ನಿಂತಿರುತ್ತವೆ, ಕೆಲವು ಅಡ್ಡ ಬಿದ್ದಿರುತ್ತವೆ. ದವಡೆ, ಬುರುಡೆ ಒಬ್ಬರದ್ದೇ ಇರಬಹುದು, ಉಳಿದದ್ದು ಯಾರದ್ದೋ. ಲ್ಯಾಬಿನವರು ಗಡಿಯಾರ ನೋಡಿದರು. ನನ್ನ ಅಧಿಕಾರಿ, "ಮುಂದಿನ ಸಭೆಯವರೆಗೆ ಸಮಯವಿದೆ. ಹೊಸದೇನಾದರೂ ಸಿಕ್ಕರೆ ತಾ. ಸಿಗದಿದ್ದರೆ ಟ್ರೇ ಲ್ಯಾಬಿಗೆ" ಎಂದು ಫೈಲು ಮುಚ್ಚಿದರು.

ಅವತ್ತು ರೈಲಿನಲ್ಲಿ ಮೈಸೂರಿನ ಆಂಟಿ ಕೈಬೀಸಿದರೂ ಕಾಣದವಳಂತೆ ಬೇರೆ ಬೋಗಿಗೆ ಹತ್ತಿದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಕೂತ ಹೆಣ ಕಂಡ ಕೂಡಲೇ ಅದಕ್ಕೆ ನಮ್ಮ ಪದ್ಮಾಸನ ಹಾಕಿಸಿ, ಕೈಗೆ ಲಿಂಗ ಕೊಡುವುದೊಂದು ಬಾಕಿ ಇಟ್ಟಿದ್ದೆ. ಬೇರೆ ಯಾರೂ ಈ ತಪ್ಪು ಮಾಡುತ್ತಿರಲಿಲ್ಲ. ಬೇರೆಯವರಿಗೆ ಅವಳು ಕೂತಿದ್ದಾಳೆ ಎಂದೇ ಹೊಳೆಯುತ್ತಿರಲಿಲ್ಲ ಎಂಬುದೂ ನಿಜ. ಆದರೆ ಆ ಸಮಾಧಾನ ಎಡಿಸನ್ ಸ್ಟೇಷನ್ ದಾಟುವವರೆಗೂ ಉಳಿಯಲಿಲ್ಲ.

ಮನೆಯಲ್ಲಿ ಮಗಳು ಪೂರ್ತಿ ಕೇಳಿ, "ಯೂ ಜಸ್ಟ್ ವಾಂಟೆಡ್ ಹರ್ ಟು ಬಿ ಒನ್ ಆಫ್ ಅಸ್, ಅಮ್ಮ" ಅಂದಳು. ಉರಿದುಹೋಯಿತು. ಅತ್ತೆ ಮಾತ್ರ ತಟ್ಟೆಗೆ ಪಲ್ಯ ಬಡಿಸುತ್ತ, "ನಮ್ಮಾಕಿ ಅಲ್ಲದಿದ್ರ ಬಿಟ್ಟ ಬಿಡ್ತೀ ಏನು?" ಎಂದು ಕೇಳಿದರು.

ಇಲ್ಲ ಅಂದೆ. ಹೇಳಿದ ಮೇಲೆಯೇ ನನಗೂ ಖಾತ್ರಿಯಾದದ್ದು.

ಮರುದಿನ ನಮ್ಮವರು ಹೇಗೆ ಹೂಳುತ್ತಾರೆ ಎಂಬುದನ್ನು ತಲೆಯಿಂದ ಹೊರಗಿಟ್ಟು, ಮೂಳೆಗಳ ಮುಂದೆ ಕೂತೆ. ನೆಟ್ಟಗೆ ನಿಂತಿದ್ದ ಆ ಕಾಲಿನ ಮೂಳೆಗಳಿಂದಲೇ ಶುರು ಮಾಡಿದೆ. ಒಂದನ್ನು ದೀಪದ ಕೆಳಗೆ ತಿರುಗಿಸಿ ನೋಡುವಾಗ ಕಣಕಾಲಿನ ಕೀಲಿನ ಮುಂದಿನ ಅಂಚಿನಲ್ಲಿ, ಉಗುರಿನಷ್ಟು ಜಾಗ, ಉಜ್ಜಿದ ಹಾಗೆ ನುಣ್ಣಗಿತ್ತು. ಇದನ್ನು ನಾನು ಬಲ್ಲೆ. ಇಲ್ಲಿ ಮೂಳೆ ಓದಿದ ಮೊದಲ ವರ್ಷದ ಮೌಖಿಕ ಪರೀಕ್ಷೆಯಲ್ಲಿ ಮೇಷ್ಟರು ಕೈಗೆ ಮೂಳೆ ಕೊಟ್ಟು ತಪ್ಪದೇ ಕೇಳುತ್ತಿದ್ದ ಪ್ರಶ್ನೆ ಇದು. ಉತ್ತರ: ಕುಕ್ಕರಗಾಲಿನಲ್ಲಿ ಕೂರುವವರಿಗೆ ಬರುವ ಗುರುತು. ದಿನಾ ಹಾಗೆ ಕೂತು ಕೂತು ಕಣಕಾಲಿನ ಎರಡು ಮೂಳೆ ಒಂದಕ್ಕೊಂದು ತಾಗಿ ಆಗುವಂಥದ್ದು. ಇನ್ನೊಂದು ಕಾಲು ನೋಡಿದೆ, ಅಲ್ಲಿಯೂ ಇತ್ತು. ಅದರ ಕೆಳಗಿನ ಮೂಳೆಯಲ್ಲಿ ಅದಕ್ಕೆ ಸರಿಜೋಡಿಯಾದ ಗುರುತೂ ಇತ್ತು.

ಮತ್ತೆ ಫೋಟೊ. ಈ ಸಲ ಭೂತಗನ್ನಡಿ ಹಿಡಿದು ಗುಂಡಿಯ ತಳ ನೋಡಿದೆ. ಎರಡು ಪಾದಗಳ ಸಣ್ಣ ಮೂಳೆಗಳು ಬೆರಳಿನ ತುದಿಯವರೆಗೂ ಸಾಲು ಕೆಡದೆ ಕೂತಿದ್ದವು, ಅಂಗಾಲು ಮರಳಿಗೆ ಒತ್ತಿ. ಒಣಗಿದ ಮೂಳೆಗಳ ಗಂಟು ಬಿಚ್ಚಿ ಸುರಿದರೆ ಪಾದ ಹೀಗೆ ಜೋಡಿಸಿಕೊಂಡು ಬೀಳುವುದಿಲ್ಲ. ತೊಡೆಯ ಮೂಳೆಗಳು ಅಡ್ಡ ಬಿದ್ದದ್ದು ಆಮೇಲೆ, ಮಾಂಸ ಕರಗಿ ಕುಸಿದಾಗ. ಅವಳು ಮೈಯಲ್ಲಿ ಮಾಂಸವಿದ್ದಾಗಲೇ, ಮೊಣಕಾಲು ಎದೆಗೆ ತಂದುಕೊಂಡು, ಕುಕ್ಕರಗಾಲಿನಲ್ಲಿ ಕೂತಿದ್ದಳು. ಬದುಕಿದ್ದಾಗ ಕಾಳು ಅರೆಯಲೋ ಮೀನು ಹಸನು ಮಾಡಲೋ ಹೇಗೆ ಕೂರುತ್ತಿದ್ದಳೋ ಹಾಗೆ. ಅವಳನ್ನು ಅವಳ ಹಾಗೆಯೇ ಕೂರಿಸಿದ್ದರು. ನನಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಸಂತೋಷವೇ ಹೆಚ್ಚು.

ಎರಡನೇ ಸಭೆಯಲ್ಲಿ ಮೊದಲಿಗೇ, "ಹೋದ ಸಲ ನಾನು ಹೇಳಿದ್ದು ತಪ್ಪು" ಅಂದೆ. ಹಾಗೆ ಶುರು ಮಾಡಿದರೆ ಜನ ಕೇಳುತ್ತಾರೆ. ಕಣಕಾಲಿನ ಗುರುತು, ಪಾದದ ಸಾಲು, ನೆಟ್ಟಗೆ ನಿಂತ ಮೂಳೆ, ದವಡೆ ಎಲ್ಲ ಒಂದೊಂದಾಗಿ ಮೇಜಿನ ಮೇಲಿಟ್ಟೆ. ಸಹೋದ್ಯೋಗಿ ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು ನೋಡಿದ. ಕೊನೆಗೆ, "ಒಂದು ಮಾತ್ರ ಅರ್ಥವಾಗುತ್ತಿಲ್ಲ. ಅದು ಒಣ ಮರಳು. ಗುಂಡಿಯ ಗೋಡೆ ನಿಲ್ಲುವುದಿಲ್ಲ, ಒರಗಲು ಏನೂ ಇಲ್ಲ. ಸತ್ತವರು ಕುಕ್ಕರಗಾಲಿನಲ್ಲಿ ತಾವಾಗಿ ಕೂರುವುದಿಲ್ಲ, ಪಕ್ಕಕ್ಕೆ ಬೀಳುತ್ತಾರೆ. ಇವಳು ಯಾಕೆ ಬೀಳಲಿಲ್ಲ?" ಎಂದು ಕೇಳಿದ.

"ಯಾರೋ ಹಿಡಿದುಕೊಂಡಿದ್ದರು" ಅಂದೆ.

"ಯಾರು?"

"ಗುಂಡಿಯೊಳಗೆ ಇಳಿದವರು. ಮಣ್ಣು ಭುಜದವರೆಗೆ ಬರುವ ತನಕ ಒಬ್ಬರು ಹಿಡಿದುಕೊಳ್ಳಬೇಕು. ಆಮೇಲೆ ಮಣ್ಣೇ ಹಿಡಿದುಕೊಳ್ಳುತ್ತದೆ."

"ಇದು ಊಹೆ."

"ಸತ್ತವರು ಬೀಳುತ್ತಾರೆ ಅಂತ ನೀನೇ ಹೇಳಿದೆ. ಇವಳು ಬಿದ್ದಿಲ್ಲ. ಹಿಡಿಯುವುದನ್ನು ನಾನು ನೋಡಿದ್ದೇನೆ" ಅಂದೆ. ಹೇಳುವ ಉದ್ದೇಶ ಇರಲಿಲ್ಲ, ಬಾಯಿಗೆ ಬಂತು, ಹೇಳಿದೆ. "ಹೋದ ವರ್ಷ ನನ್ನ ಅಪ್ಪ ತೀರಿಕೊಂಡರು. ನಮ್ಮಲ್ಲಿ ಅದೇ ದಿನ ಮಣ್ಣು ಕೊಡುತ್ತಾರೆ. ನೂವರ್ಕ್‌ನಿಂದ ವಿಮಾನ ಹತ್ತಿದರೂ ಊರು ಮುಟ್ಟುವುದು ಸಾಧ್ಯವಿರಲಿಲ್ಲ. ಪ್ರಿನ್ಸ್‌ಟನ್ ಜಂಕ್ಷನ್ನಿನ ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತು ಫೋನಿನಲ್ಲಿ ನೋಡಿದೆ. ನನ್ನ ತಮ್ಮ ಕುಣಿಗೆ ಇಳಿದು ಅಪ್ಪನನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದ. ಅಪ್ಪನ ತಲೆ ಮುಂದಕ್ಕೆ ಬಾಗುತ್ತಿತ್ತು, ಇವನು ಎತ್ತಿ ಎತ್ತಿ ಸರಿ ಮಾಡುತ್ತಿದ್ದ. ಮಣ್ಣು ಅವನ ಕಾಲಿನ ಮೇಲೂ ಬೀಳುತ್ತಿತ್ತು. ಭುಜದವರೆಗೆ ಬಂದ ಮೇಲೆ ಅವನ ಕೈ ಹಿಡಿದು ಮೇಲಕ್ಕೆ ಎಳೆದುಕೊಂಡರು. ನಿನ್ನ ಪ್ರಶ್ನೆಗೆ ನನಗೆ ಗೊತ್ತಿರುವ ಉತ್ತರ ಇದೊಂದೇ."

ನಾನು ಅಳಲಿಲ್ಲ; ಅತ್ತರೆ ಅದು ಸಾಕ್ಷಿ ಎನಿಸಿಕೊಳ್ಳುವುದಿಲ್ಲ. ಸಹೋದ್ಯೋಗಿ ಕಣಕಾಲಿನ ಮೂಳೆಯನ್ನು ಟ್ರೇಗೆ ಮೆಲ್ಲಗೆ ಇಟ್ಟು, "ಒಬ್ಬರೇ. ನಾನು ಒಪ್ಪುತ್ತೇನೆ" ಅಂದ. ಲ್ಯಾಬಿನವರು ತಮ್ಮ ಪಟ್ಟಿಯಿಂದ ಆ ಟ್ರೇಯನ್ನು ತೆಗೆದರು. ನನ್ನ ಅಧಿಕಾರಿ ಅಂದು ಮೊದಲ ಸಲ ನೇರವಾಗಿ ಮಾತಾಡಿದರು: "ಅವಳಿಗೆ ಪೆಟ್ಟಿಗೆ ಮಾಡಿ."

ಹೊರಡುವ ಹಿಂದಿನ ದಿನ ಪ್ಯಾಕಿಂಗ್. ಉಳಿದವರದ್ದೆಲ್ಲ ಮುಗಿದಿತ್ತು, ಅವಳದ್ದೇ ಕೊನೆಯದು. ನಿಯಮದ ಪ್ರಕಾರ ಉದ್ದ ಮೂಳೆಗಳು ಕೆಳಗೆ, ಪಾದದ ಮೂಳೆಗಳು ಚಿಕ್ಕ ಚೀಲಗಳಲ್ಲಿ, ಬುರುಡೆ ಮೇಲೆ. ದವಡೆಯನ್ನು ಬುರುಡೆಯ ಜೊತೆಯಲ್ಲೇ ಇಡಲು ಅನುಮತಿ ಕೇಳಿದ್ದೆ, ಸಿಕ್ಕಿತ್ತು. ಎರಡನ್ನೂ ಹೊಂದಿಸಿ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ನೋಡಿದರೆ, ಪೆಟ್ಟಿಗೆಯ ಸ್ಪಂಜಿನಲ್ಲಿ ಕೊರೆದ ಗುಳಿ ಬುರುಡೆಯೊಂದಕ್ಕೆ ಮಾತ್ರ ಸಾಲುವಷ್ಟಿತ್ತು. ಸಹೋದ್ಯೋಗಿ ಚಾಕು ತಂದು ಗುಳಿಯನ್ನು ದೊಡ್ಡದು ಮಾಡತೊಡಗಿದ. ಸ್ವಲ್ಪ ಕೊರೆಯುತ್ತಿದ್ದ, ಅಳತೆ ನೋಡುತ್ತಿದ್ದ, ಮತ್ತೆ ಕೊರೆಯುತ್ತಿದ್ದ.

"ಇನ್ನೂ ಹೊತ್ತಾಗುತ್ತದೆ, ಮೇಜಿನ ಮೇಲೆ ಇಡಬಹುದಲ್ಲ" ಅಂದ.

"ಇರಲಿ" ಅಂದೆ. ಅವನು ಕೊರೆದು ಮುಗಿಸುವವರೆಗೆ ಅವಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೆ.